ಸತ್ಯಾಂಶ: ಸಪ್ತಪದಿ ತುಳಿಯದಿದ್ದರೆ ಮದುವೆ ಅಸಿಂಧುವೇ?

'ಸಪ್ತಪದಿ ತುಳಿಯದ ಹಿಂದೂ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳುವುದಿಷ್ಟು: ವಧು ಅಥವಾ ವರ, ಯಾರಾದರೂ ಒಬ್ಬರ ಕಡೆಯ ಸಂಪ್ರದಾಯದಂತೆ ಮದುವೆ ನಡೆದರೆ ಸಾಕು. ಆ ಸಂಪ್ರದಾಯದಲ್ಲಿ ಸಪ್ತಪದಿ ಇದ್ದರೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. ಇಲ್ಲದವರ ಮೇಲೆ ಅದನ್ನು ಹೇರುವಂತಿಲ್ಲ. ನಮ್ಮಲ್ಲೇ ನೋಡಿ, ಎಷ್ಟೋ ಮನೆಗಳಲ್ಲಿ ಧಾರೆ ಎರೆದು ತಾಳಿ ಕಟ್ಟಿದರೆ ಮದುವೆ ಆದಂತೆ, ಅಲ್ವಾ? ತಮಿಳುನಾಡಿನಲ್ಲಂತೂ 1967ರ ತಿದ್ದುಪಡಿಯಿಂದ ಪುರೋಹಿತರಿಲ್ಲದೆ, ನೆಂಟರಿಷ್ಟರ ಮುಂದೆ ಹಾರ ಬದಲಿಸಿಕೊಂಡರೂ ಸಾಕು. ಇಂಥ ಸಂದೇಶ ನೋಡಿ ದಂಪತಿಗಳು ಸುಮ್ನೆ ಹೆದರಬೇಕಿಲ್ಲ.

ಜಾಸ್ತಿ ಗಮನ ಬೇಕಿರುವುದು 5ನೇ ಸೆಕ್ಷನ್ ಕಡೆಗೆ. ವರನಿಗೆ 21, ವಧುವಿಗೆ 18 ತುಂಬಿರಬೇಕು. ಮೊದಲ ಸಂಗಾತಿ ಬದುಕಿದ್ದು ವಿಚ್ಛೇದನ ಆಗಿರದಿದ್ದರೆ ಎರಡನೇ ಮದುವೆ ಅಸಿಂಧು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಕೂಡದು. ಆದರೆ ರೂಢಿ ಇದ್ದರೆ ವಿನಾಯಿತಿ ಉಂಟು. ನಮ್ಮ ಕಡೆ ಸೋದರಮಾವನ ಜೊತೆಗಿನ ಮದುವೆ ನಿಲ್ಲುವುದು ಹೀಗೆ.

ನೋಂದಣಿ ಮಾಡಿಸಿಲ್ಲ ಎಂಬ ಕಾರಣಕ್ಕೆ ಮದುವೆ ಬಿದ್ದುಹೋಗದು. ಆದರೆ ಯಾವ ಶಾಸ್ತ್ರವೂ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಹಿಂದೂ ಮದುವೆ ಆಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಶಾಸ್ತ್ರ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದಕ್ಕೆ 30 ದಿನ ಮೊದಲೇ ನೋಟಿಸ್ ಕೊಡಬೇಕು.