ಕೈ ತೊಳೆದರೆ ಸಾಕೇ?

ವಿಜ್ಞಾನದಿಂದ ಮನುಷ್ಯನಿಗೆ ಹೆಚ್ಚು ಒಳಿತಾಯಿತೋ ಧರ್ಮದಿಂದಲೋ ಅನ್ನುವ ಜಗಳ ಶುರುವಾದರೆ ಒಬ್ಬರು ಅಣುಬಾಂಬ್ ಎತ್ತುತ್ತಾರೆ, ಇನ್ನೊಬ್ಬರು ಧರ್ಮಯುದ್ಧ ಎತ್ತುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಅಷ್ಟು ದೊಡ್ಡ ತಕ್ಕಡಿ ಬೇಡ. ತೊಳೆಯುವುದು ಅನ್ನುವ ಒಂದೇ ಒಂದು ಕೆಲಸ ತೆಗೆದುಕೊಳ್ಳೋಣ, ಎರಡೂ ಕಡೆಯವರು ಪಟ್ಟು ಹಿಡಿದು ಹೇಳುವ ಕೆಲಸ ಅದು.

ರೋಗಾಣುವಿನ ಸುದ್ದಿಯೇ ಇಲ್ಲದ ಕಾಲದಿಂದಲೂ ಹಲವು ಧರ್ಮಗಳು ಪ್ರಾರ್ಥನೆಗೆ ಮೊದಲು ತೊಳೆದುಕೋ ಎಂದಿವೆ. ಒಳ್ಳೆಯದೇ. ಆದರೆ ಶುದ್ಧಿ ಬೇರೆ, ಶುಚಿ ಬೇರೆ. ವಿಧಿ ಪ್ರಕಾರ ಮಾಡಿದೆಯಾ ಅನ್ನುವುದು ಶುದ್ಧಿಯ ಪ್ರಶ್ನೆ, ಕೊಳೆ ಹೋಯಿತಾ ಅನ್ನುವುದು ಶುಚಿಯ ಪ್ರಶ್ನೆ. ಒಂದೇ ಪಾತ್ರೆಯಲ್ಲಿ ಹತ್ತು ಮಂದಿ ಕೈ ಅದ್ದಿದರೆ ಹತ್ತನೆಯವನಿಗೆ ಶುದ್ಧಿ ಸಿಕ್ಕೀತು, ಜೊತೆಗೆ ಒಂಬತ್ತು ಮಂದಿಯ ಕೊಳೆಯೂ ಸಿಗುತ್ತದೆ.

ಈ ಎರಡನೆಯ ಪ್ರಶ್ನೆಯನ್ನು ಹಟ ಹಿಡಿದು ಕೇಳಿದವನು ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ಅಲ್ಲಿ ಎರಡು ವಿಭಾಗಗಳು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. 1841ರಿಂದ 1846ರವರೆಗಿನ ಲೆಕ್ಕದಲ್ಲಿ ಮೊದಲ ವಿಭಾಗದಲ್ಲಿ ಸುಮಾರು 10% ತಾಯಂದಿರು, ಬಹುಪಾಲು ಬಾಣಂತಿ ಜ್ವರದಿಂದ, ಸತ್ತಿದ್ದರು, ಎರಡನೆಯದರಲ್ಲಿ 4% ಕೂಡ ಇಲ್ಲ. ಅವನ ಅನುಮಾನಗಳ ಪಟ್ಟಿಯಲ್ಲಿ ಒಬ್ಬ ಪಾದ್ರಿಯೂ ಇದ್ದ ಅನ್ನುವುದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡಲು ಪಾದ್ರಿ ಮೊದಲ ವಿಭಾಗದ ಹಾಸಿಗೆಗಳ ನಡುವೆಯೇ ಹೋಗಬೇಕಿತ್ತು, ಜೊತೆಗೊಬ್ಬ ಗಂಟೆ ಬಾರಿಸುತ್ತ. ಆ ಸದ್ದಿನ ಭಯಕ್ಕೇ ಬಾಣಂತಿಯರಿಗೆ ಜ್ವರ ಏರುತ್ತದೆಯೇ? ಸೆಮ್ಮೆಲ್‌ವೈಸ್ ಇದನ್ನು ನಂಬಲೂ ಇಲ್ಲ, ನಕ್ಕು ತಳ್ಳಲೂ ಇಲ್ಲ. ಪಾದ್ರಿಯನ್ನು ಒಪ್ಪಿಸಿ, ಗಂಟೆಯಿಲ್ಲದೆ ಸುತ್ತು ದಾರಿಯಲ್ಲಿ ಬರುವಂತೆ ಮಾಡಿದ. ಸಾವು ಇಳಿಯಲಿಲ್ಲ, ಊಹೆ ಬಿದ್ದುಹೋಯಿತು. ಹೆರಿಗೆಯ ಭಂಗಿ ಬದಲಿಸಿ ನೋಡಿದ, ಅದೂ ಬಿತ್ತು.

1847ರಲ್ಲಿ ಅವನ ಗೆಳೆಯ ಯಾಕೋಬ್ ಕೊಲ್ಲೆಚ್ಕಾ ಶವಪರೀಕ್ಷೆಯ ವೇಳೆ ಚೂರಿ ತಾಗಿ ತೀರಿಕೊಂಡ. ಬಾಣಂತಿಯರ ಹೆಣಗಳಲ್ಲಿ ಕಂಡದ್ದೇ ಆ ದೇಹದಲ್ಲೂ ಕಂಡಿತು. ವಿದ್ಯಾರ್ಥಿಗಳು ಹೆಣ ಕೊಯ್ದು ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೋಪು ಹಚ್ಚಿದರೂ ವಾಸನೆ ಕೈ ಬಿಡುತ್ತಿರಲಿಲ್ಲ. ಮೇ ತಿಂಗಳಲ್ಲಿ ಅವನು ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ 18% ಇದ್ದ ಸಾವು ಜೂನ್‌ನಲ್ಲಿ 2%ರ ಆಸುಪಾಸಿಗೆ ಬಂತು.

ಇದಕ್ಕೆ ವೈದ್ಯಲೋಕ ಅವನನ್ನು ಹೊತ್ತು ಮೆರೆಯಲಿಲ್ಲ. ದೊಡ್ಡ ದೊಡ್ಡ ಪ್ರೊಫೆಸರುಗಳು ತಮ್ಮ ಕೈಯೇ ಕೊಂದಿದ್ದು ಅನ್ನುವುದನ್ನು ಒಪ್ಪದೆ ಪೀಠಾಧಿಪತಿಗಳ ಹಾಗೆ ಆಡಿದರು. ಅವನೂ 1861ರವರೆಗೆ ಸರಿಯಾದ ಪುಸ್ತಕ ಬರೆಯಲಿಲ್ಲ. ಅವನು ಹೇಳಿದ ಕಾರಣವೂ ಪೂರ್ತಿ ಸರಿಯಿರಲಿಲ್ಲ: ಹೆಣದ ಕಣಗಳು ಎಂದನೇ ಹೊರತು ರೋಗಾಣು ಎನ್ನಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಗಾಯ ಕೀವಾಗಿ ಸತ್ತ. ವಿಜ್ಞಾನಿಗಳೂ ಮೂಢರಾಗಬಲ್ಲರು, ಸಂಶಯವೇ ಬೇಡ. ಆದರೆ ಅಂಕಿಗಳು ಕಾಗದದ ಮೇಲೆ ಉಳಿದವು. ಅವನ ಮೇಲೆ ಭಕ್ತಿ ಇಲ್ಲದವನೂ ಕೂಡಿಸಿ, ಭಾಗಿಸಿ ನೋಡಬಹುದಿತ್ತು. ನನ್ನ ಓಟು ವಿಜ್ಞಾನಕ್ಕೆ ಬೀಳುವುದು ಈ ಒಂದು ಕಾರಣಕ್ಕೆ.

ಇವತ್ತಿನ ಕೈತೊಳೆಯುವ ಕ್ರಮ ನೋಡಿದರೆ ಅದೂ ಒಂದು ವಿಧಿಯಂತೆಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30. ಅಂಗೈ, ಹಿಂಗೈ, ಬೆರಳ ಸಂದು. ಬಹಳ ಜನ ತಪ್ಪುವುದು ಹೆಬ್ಬೆರಳು ಮತ್ತು ಬೆರಳ ತುದಿಗಳಲ್ಲಿ. ಆದರೆ ಇಲ್ಲಿ ಪ್ರತಿ ಮಾತಿಗೂ ಕಾರಣ ಕೇಳಬಹುದು. ಸೋಪಿನ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಕೊಬ್ಬನ್ನು ಹಿಡಿಯುತ್ತದೆ, ಹಾಗಾಗಿ ಕೊಬ್ಬಿನ ಹೊದಿಕೆಯಿರುವ ಕೊರೊನಾದಂಥ ವೈರಸ್ ಹರಿದುಹೋಗುತ್ತದೆ. ವಾಂತಿಭೇದಿ ತರುವ ನೊರೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟದು, ಹರಿಯುವ ನೀರಿನಲ್ಲಿ ತಿಕ್ಕಿ ತೊಲಗಿಸಬೇಕು. ಸ್ಯಾನಿಟೈಸರ್‌ನಲ್ಲಿ ಆಲ್ಕೊಹಾಲ್ 60%ಕ್ಕಿಂತ ಕಡಿಮೆಯಾದರೆ ಕೆಲಸ ಕೆಡುತ್ತದೆ. ಹಾಗೆಂದು ನೀರೇ ಇಲ್ಲದ ಆಲ್ಕೊಹಾಲ್ ಕೂಡ ಅಷ್ಟು ಚೆನ್ನಾಗಿ ಕೊಲ್ಲುವುದಿಲ್ಲ, ರೋಗಾಣುವಿನ ಪ್ರೋಟೀನ್ ಕೆಡಲು ಸ್ವಲ್ಪ ನೀರು ಬೇಕು.

ಇಷ್ಟೆಲ್ಲ ಓದಿಕೊಂಡ ವೈದ್ಯರೇ ತೊಳೆಯಬೇಕಾದಾಗಲೆಲ್ಲ ತೊಳೆಯುವುದಿಲ್ಲ ಎಂದು ಆಸ್ಪತ್ರೆಗಳ ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಯಾರೂ ನೋಡದಿದ್ದರೂ ದಿನಕ್ಕೆ ಐದು ಸಲ ಕೈಕಾಲು ಮುಖ ತೊಳೆಯುವ ನಮಾಜಿಯ ಮುಂದೆ ಅವರು ಸೋತಂತೆಯೇ. ಗೊತ್ತಿರುವುದನ್ನು ರೂಢಿಯಾಗಿಸುವ ವಿದ್ಯೆ ಧರ್ಮಕ್ಕೆ ಕರಗತ.

ವಿಜ್ಞಾನದ ತಲೆಯ ಮೇಲೆ ಇನ್ನೊಂದು ಸಾಲವೂ ಇದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನರನ್ನು ಚಿಕಿತ್ಸೆ ಕೊಡದೆ ಸರ್ಕಾರಿ ವೈದ್ಯರು ಗಮನಿಸುತ್ತ ಕೂತರು, 1940ರ ದಶಕದಲ್ಲೇ ಪೆನಿಸಿಲಿನ್ ಬಂದಿದ್ದರೂ. ಇದು ತಪ್ಪು ಎಂದು ಯಾವ ಪ್ರಯೋಗವೂ ತೋರಿಸಿಕೊಡುವುದಿಲ್ಲ. ಆ ಅರಿವು ಬೇರೆ ಕಡೆಯಿಂದ ಬರಬೇಕು. ಧರ್ಮವೊಂದೇ ಆ ಕಡೆ ಎಂದು ನಾನು ಒಪ್ಪುವುದಿಲ್ಲ. ಗುಲಾಮಗಿರಿ ಮುಗಿಸಲು ಹೋರಾಡಿದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಕೈಯಲ್ಲಿದ್ದದ್ದೂ, ಅದನ್ನು ಸಮರ್ಥಿಸಿದವರ ಕೈಯಲ್ಲಿದ್ದದ್ದೂ ಅದೇ ಬೈಬಲ್.

ಎರಡರ ಬಲವೂ ಎರಡರ ಸೋಲೂ ಒಟ್ಟಿಗೆ ಕಂಡದ್ದು 2014ರ ಎಬೋಲಾದಲ್ಲಿ. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 2016ರ ಹೊತ್ತಿಗೆ ಆ ಜ್ವರಕ್ಕೆ 11,000ಕ್ಕೂ ಹೆಚ್ಚು ಜನ ಸತ್ತರು. ಸತ್ತ ಹೊತ್ತಿಗೆ ದೇಹದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಮನೆಯವರು ಪ್ರೀತಿಯಿಂದ ಮೈ ತೊಳೆದರೆ ಅವರಿಗೂ ಹರಡಬಹುದು. ವಿಜ್ಞಾನ ಕಂಡುಕೊಂಡದ್ದು ಸರಿಯೇ. ಮಾಡಿದ್ದು? ಸೋಂಕು ತಾಗದಂತೆ ಮೈಮುಚ್ಚಿದ ಬಿಳಿ ಸೂಟಿನವರು ಬಂದು ಹೆಣ ಚೀಲಕ್ಕೆ ಹಾಕಿ, ಹೆಸರೂ ಇಲ್ಲದ ಗುಂಡಿಗೆ ಇಳಿಸಿದರು. ಜನ ಹೆಣ ಬಚ್ಚಿಡತೊಡಗಿದರು. ಬಚ್ಚಿಟ್ಟ ಹೆಣವನ್ನು ಗುಟ್ಟಾಗಿ ತೊಳೆದರು.

ಆಮೇಲೆ ಕ್ರೈಸ್ತ, ಮುಸ್ಲಿಂ ಸಂಘಟನೆಗಳನ್ನು ಕೂರಿಸಿಕೊಂಡು ವಿಶ್ವ ಆರೋಗ್ಯ ಸಂಸ್ಥೆ 12 ಹಂತಗಳ ಶವಸಂಸ್ಕಾರದ ಕ್ರಮ ಬರೆಯಿತು. ತಂಡ ಬರುವಾಗ ಸೂಟು ಹಾಕಿರಕೂಡದು. ಮೊದಲು ಮುಖ ತೋರಿಸಿ ಸಂತಾಪ ಹೇಳಬೇಕು, ಮನೆಯವರಿಗೆ ಏನು ಬೇಕೆಂದು ಕೇಳಬೇಕು, ಆಮೇಲೆ ಸೂಟು. ಗುಂಡಿ ಅಗೆಯಲು, ಪ್ರಾರ್ಥನೆ ಮಾಡಲು ಮನೆಯವರಿಗೆ ಅವಕಾಶ. ಸಮಾಧಿಗೆ ಹೆಸರು. ಮುಸ್ಲಿಮರಾದರೆ ಚೀಲದ ಮೇಲೆ ಬಿಳಿ ಕಫನ್, ಅಂದರೆ ಹೆಣಕ್ಕೆ ಸುತ್ತುವ ಬಟ್ಟೆ. ನೀರಿನ ಸ್ನಾನದ ಬದಲು ತಯಮ್ಮುಮ್, ಅಂದರೆ ಶುದ್ಧ ಮಣ್ಣು ಮುಟ್ಟಿದ ಕೈಯನ್ನು ಆಡಿಸಿ ಮಾಡುವ ಒಣ ಶುದ್ಧಿ. ಚೀಲ ಮುಚ್ಚಿಯಾಗಿದ್ದರೆ ಚೀಲದ ಮೇಲೆಯೇ.

ತಯಮ್ಮುಮ್ ಹೊಸದಾಗಿ ಹುಟ್ಟಿಸಿದ್ದಲ್ಲ. ನೀರು ಸಿಗದಾಗ, ನೀರು ಮುಟ್ಟಿದರೆ ಅಪಾಯವಿದ್ದಾಗ ಮಾಡುವ ಕ್ರಮವಾಗಿ ಅದು ನೂರಾರು ವರ್ಷಗಳಿಂದ ಅಲ್ಲೇ ಇತ್ತು. ಎಬೋಲಾ ಎಂದು ಗುರುತಾದದ್ದು ಮಾರ್ಚ್‌ನಲ್ಲಿ, ಈ ಕ್ರಮ ಪ್ರಕಟವಾದದ್ದು ನವೆಂಬರ್‌ನಲ್ಲಿ. ನಡುವಿನ ಆ ತಿಂಗಳುಗಳನ್ನು ನಾನು ಧರ್ಮದ ಲೆಕ್ಕಕ್ಕೆ ಬರೆಯಲಾರೆ.