ಮೊದಲು ಮಾತು, ಆಮೇಲೆ ರಾಗ

ಮಾಸ್ಕೋಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ಚಹಾಕ್ಕೆ ಕರೆದಿದ್ದರು. ಅವರ ಮಗಳು ಶಾಲೆಯಲ್ಲಿ ಬಾಯಿಪಾಠಕ್ಕೆ ಕೊಟ್ಟಿದ್ದ ತತ್ಯಾನಾಳ ಪತ್ರವನ್ನು ಒಪ್ಪಿಸಿದಳು. ರಷ್ಯಾದ ಕವಿ ಪುಷ್ಕಿನ್ ಬರೆದ 'ಯೆವ್ಗೇನಿ ಒನೇಗಿನ್' ಕಾವ್ಯದಲ್ಲಿ ಹಳ್ಳಿ ಕಡೆಯ ಹುಡುಗಿಯೊಬ್ಬಳು ರಾತ್ರಿ ನಿದ್ದೆಗೆಟ್ಟು ಬರೆಯುವ ಪ್ರೇಮಪತ್ರ ಅದು. ಅಡುಗೆಮನೆಯಲ್ಲಿದ್ದ ಅಜ್ಜಿಯ ತುಟಿಯೂ ಜೊತೆಜೊತೆಗೇ ಅಲ್ಲಾಡುತ್ತಿತ್ತು. ನಿಮ್ಮ ಭಾಷೆಯದ್ದೂ ಒಂದು ಹೇಳಿ ಅಂದರು. ನಾಡಗೀತೆ ಶುರು ಮಾಡಿದೆ. "ಹಾಡಬೇಡಿ, ಸುಮ್ನೆ ಹೇಳಿ" ಅಂದಳು ಹುಡುಗಿ. ರಾಗ ಬಿಟ್ಟ ಕೂಡಲೇ ನಾಲ್ಕನೇ ಸಾಲಿಗೆ ಬಾಯಿ ಕಟ್ಟಿತು.

ಅವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಕುವೆಂಪು, ಬೇಂದ್ರೆ, ನರಸಿಂಹಸ್ವಾಮಿ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬಂದದ್ದು ಕಾಳಿಂಗರಾಯರ, ಅನಂತಸ್ವಾಮಿಯವರ, ಅಶ್ವತ್ಥರ ದನಿಯಲ್ಲಿ. ಇಲ್ಲಿಯವರಿಗೆ ಕವಿತೆ ಮೊದಲು ಮಾತಾಗಿಯೇ ನಾಲಿಗೆಗೆ ಹತ್ತುತ್ತದೆ. ಸಂಗೀತ ಸಂಯೋಜಕ ಚೈಕೋವ್ಸ್ಕಿ ಒನೇಗಿನ್ ಕಥೆಯನ್ನು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮಾಡಿದರು. 1879ರಲ್ಲಿ ಅದನ್ನು ಮೊದಲು ಆಡಿದವರು ಮಾಸ್ಕೋದ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು. ಪತ್ರ ಬರೆಯುವ ದೃಶ್ಯದಲ್ಲಿ ಪುಷ್ಕಿನ್ ಸಾಲುಗಳೇ ಹೆಚ್ಚುಕಡಿಮೆ ಹಾಗೇ ಇವೆ. ನೋಡಲು ಕೂತವರಿಗೆ ಅವು ಮೊದಲೇ ಬಾಯಿಗೆ ಬರುತ್ತವೆ. ಯಾವ ಮಾತಿನ ಮೇಲೆ ಸಂಗೀತ ತಡೆಯಿತು, ಯಾವುದನ್ನು ಎತ್ತಿ ಹಿಡಿಯಿತು ಅಂತ ಅವರ ಕಿವಿ ಕಾಯುತ್ತಿರುತ್ತದೆ. ಆ ಸುಖವೇ ಬೇರೆ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು. ಪುಷ್ಕಿನ್ 1825ರಲ್ಲಿ ಆನ್ನಾ ಕೆರ್ನ್ ಎಂಬ ಹೆಂಗಸಿಗಾಗಿ ಒಂದು ಕವಿತೆ ಬರೆದರು. ಮುಂದೆ ಅವಳ ಮಗಳು ಯೆಕತೆರೀನಾಳನ್ನು ಸಂಗೀತ ಸಂಯೋಜಕ ಗ್ಲಿಂಕಾ ಪ್ರೀತಿಸಿದರು. ತಾಯಿಗೆ ಬರೆದ ಅದೇ ಕವಿತೆಗೆ 1840ರಲ್ಲಿ ಮಗಳಿಗಾಗಿ ರಾಗ ಕಟ್ಟಿದರು. ಅಷ್ಟರಲ್ಲಿ ಪುಷ್ಕಿನ್ ತೀರಿಕೊಂಡು ಮೂರು ವರ್ಷವಾಗಿತ್ತು. ಇಂಥ ಹಾಡುಗಳನ್ನು ಇಲ್ಲಿ 'ರೊಮಾನ್ಸ್' ಅನ್ನುತ್ತಾರೆ. ನಮ್ಮ ಭಾವಗೀತೆಯ ಹತ್ತಿರದ ನೆಂಟ, ಅಲ್ವಾ? ಒಂದು ಕವಿತೆ, ಅದರಲ್ಲಿ ಇಬ್ಬರ ಪ್ರೀತಿ. ಓದಿದರೆ ಒಬ್ಬನದು, ಹಾಡಿದರೆ ಇನ್ನೊಬ್ಬನದೂ ಕೇಳುತ್ತದೆ.

ಹಾಗಂತ ನಮ್ಮ ದಾರಿ ಕಡಿಮೆಯದ್ದಲ್ಲ. ಅಕ್ಷರ ಬಾರದ ನನ್ನ ಅಜ್ಜಿಗೆ ಪುರಂದರದಾಸರ ಪದಗಳು ಬರುತ್ತಿದ್ದವು. ಅವರಿಗೆ ಅವನ್ನು ಕಲಿಸಿದ್ದು ರಾಗವೇ, ಪುಸ್ತಕ ಅಲ್ಲ. ರಷ್ಯಾದಲ್ಲೂ ಒಕುಜಾವಾ, ವಿಸೋಟ್ಸ್ಕಿಯಂಥ ಕವಿಗಳು ಗಿಟಾರ್ ಹಿಡಿದು ಹಾಡಿದರು. ಜನ ಮನೆಯ ಟೇಪ್ ರೆಕಾರ್ಡರಿನಲ್ಲಿ ಒಬ್ಬರಿಂದ ಒಬ್ಬರು ಕಾಪಿ ಮಾಡಿಕೊಂಡು ಕೇಳಿದರು. ಆದರೂ ಶಾಲೆಯ ಮಟ್ಟಿಗೆ ನಾನು ಇಲ್ಲಿಯವರ ಕಡೆ. ರಾಗ ಮಾತನ್ನು ಹೊತ್ತು ತರುತ್ತದೆ, ನಿಜ. ಆದರೆ ಅದರ ಓಟದಲ್ಲಿ ಎಷ್ಟೋ ಮಾತು ನಮಗೆ ಕಾಣದೆ ದಾಟಿ ಹೋಗುತ್ತವೆ.

ಹೋದ ತಿಂಗಳು ಮಗಳಿಗೆ ನಾಡಗೀತೆಯನ್ನು ರಾಗವಿಲ್ಲದೆ ಹೇಳಿಸಿದೆ. ತುಂಬ ಸಲ ಹಾಡಿದ್ದಾಳೆ. ನಾಲ್ಕನೇ ಸಾಲಿನಲ್ಲಿ ಅವಳೂ ನಿಂತಳು. "ಅಪ್ಪಾ, ರಸಋಷಿ ಅಂದರೆ ಯಾರು?" ಅಂತ ಕೇಳಿದಳು.