ಜಗ್ಗಿದ್ರ ಬರ್ತದ

ತುಂಡುಬಟ್ಟೆ ಜೋಡಿಸಿ ಮಾಡುವ ಹೊದಿಕೆ, ಅಂದರೆ ಕ್ವಿಲ್ಟಿನ ನಡುಭಾಗ ಹೊಲಿಯುವವರೆಗೆ ನಾವೆಲ್ಲ ಸಂಭಾವಿತರೇ. ಅಂಚಿಗೆ ಬಂದಾಗಲೇ ಬಾಯಲ್ಲಿ ಬರಬಾರದ ಮಾತು ಬರುವುದು. ಒಂದೇ ಉದ್ದ ಪಟ್ಟಿ ಹಚ್ಚಿ ಕೈತೊಳೆದುಕೊಳ್ಳುವ ಅಂಚಲ್ಲ, ಚೌಕಕ್ಕೆ ಚೌಕ ಜೋಡಿಸಿ ಮಾಡುವ ಅಂಚು. ನೋಡಲು ಬಲು ಚೆಂದ. ಹೊಲಿಯುವವಳ ಮುಖವನ್ನು ಮಾತ್ರ ಆ ಹೊತ್ತಲ್ಲಿ ಯಾರೂ ನೋಡಬಾರದು.

ಲೆಕ್ಕವೇನೋ ಸಲೀಸು. ನಡುಭಾಗ 48 ಇಂಚು, ಚೌಕ 3 ಇಂಚು. ಬದಿಗೆ 16 ಚೌಕ. ಮೂರೂವರೆ ಇಂಚಿಗೆ ಕತ್ತರಿಸಿ, ಎರಡೂ ಕಡೆ ಕಾಲಿಂಚು ಹೊಲಿಗೆಗೆ ಬಿಟ್ಟರೆ ಮುಗೀತು. ಆದರೆ ಮಷೀನಿನ ಕೆಳಗೆ ಹೋದ ಮೇಲೆ ಒಂದೊಂದು ಹೊಲಿಗೆಯೂ ಇಂಚಿನ 16ನೇ ಒಂದು ಪಾಲು ಹೆಚ್ಚಿಗೆ ನುಂಗುತ್ತದೆ. ಅಷ್ಟೇನಾ ಅನ್ನಬೇಡಿ. ಹೊಲಿಗೆ 15 ಇವೆ. ಪಟ್ಟಿ ಹತ್ತಿರ ಹತ್ತಿರ ಒಂದಿಂಚು ಗಿಡ್ಡ!

ನಿನ್ನೆಯೂ ಅದೇ ಆಯಿತು. ಬಿಚ್ಚೋಣ ಅಂತ ರಿಪ್ಪರ್ ತೆಗೆದೆ. ಹೆಸರುಕಾಳು ಆರಿಸುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಹೇಳಿದರು, "ಯಾಕ ಬಿಚ್ತಿ? ಜಗ್ಗಿದ್ರ ಬರ್ತದ."

ಅವರ ಬಳಿ ಸಕಲ ರೋಗಕ್ಕೂ ಇದೊಂದೇ ಮದ್ದು. ಬೆಡ್‌ಶೀಟ್ ಸಾಲದಿದ್ದರೆ ಜಗ್ಗು. ಕುಕ್ಕರಿನ ರಬ್ಬರ್ ಬಿಗಿಯಾದರೂ ಜಗ್ಗು, ಸಡಿಲಾದರೂ ಜಗ್ಗು. ಕಪಾಟಿನ ಬಾಗಿಲನ್ನು ಹೀಗೇ ಜಗ್ಗಿ, ಅದರ ಹಿಡಿಕೆ ಈಗ ಅವರ ಮಾತ್ರೆ ಡಬ್ಬಿಯಲ್ಲಿದೆ. ತಿಂಗಳ ಕೊನೆಗೆ ಮಗನ ಪಗಾರ ಮುಗಿದರೂ "ಇನ್ನ ನಾಕ್ ದಿನ ಜಗ್ಗ್ರಿ" ಅನ್ನುತ್ತಾರೆ.

ಸರಿ, ಕಾಳಿನ ಮೊರ ಬದಿಗಿಟ್ಟು, ಸೆರಗು ಸಿಕ್ಕಿಸಿ ಎದ್ದೇ ಬಂದರು. ಪಟ್ಟಿಯ ಒಂದು ತುದಿ ಅವರು ಹಿಡಿದರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಜಾತ್ರೆಯ ತೇರು ಎಳೆಯುವವರ ಹಾಗೆ ಹಿಂದಕ್ಕೆ ವಾಲಿದರು. ನಾನು ಬಿಟ್ಟರೆ ಅವರು ಬೀಳುತ್ತಾರೆ, ಹಿಡಿದರೆ ನನ್ನ ಕೆಲಸ ಹಾಳಾಗುತ್ತದೆ. ಹತ್ತಿ ಬಟ್ಟೆ ಉದ್ದೆಳೆಯ ಹಾಸಿನ ಕಡೆಗಿಂತ ಅಡ್ಡೆಳೆಯ ಹೊಕ್ಕಿನ ಕಡೆಗೆ ಜಾಸ್ತಿ ಹಿಗ್ಗುತ್ತದೆ, ಅವರು ಹಿಡಿದದ್ದು ಸರಿಯಾಗಿ ಹೊಕ್ಕಿನ ಕಡೆಗೇ. ಎಲ್ಲೋ ಒಂದು ನೂಲು ಚಟ್ ಅಂದಿತು. ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು ನೋಡಿ, ಸಹಿಯನ್ನೂ ಕೇಳದೆ ಪಾರ್ಸೆಲ್ ಇಟ್ಟು ಹೋದ.

ಅಳೆದೆ. ಪಟ್ಟಿ ಈಗ ನಡುಭಾಗಕ್ಕಿಂತ ಅರ್ಧ ಇಂಚು ಉದ್ದ!

ಅತ್ತೆ ಟೇಪು ನೋಡಿ ಒಂದು ಗಳಿಗೆ ಯೋಚಿಸಿದರು. "ಹಂಗಾರ ಈಗ ನಡುವಿಂದು ಜಗ್ಗು."

ನನ್ನಜ್ಜಿ ಹೊಲಿದ ಕೌದಿಗೆ ಟೇಪು ಹಿಡಿದದ್ದೇ ಇಲ್ಲ. ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ಕೈಸೂಜಿ, ಅಷ್ಟೇ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳಂತೂ ಇನ್ನೂ ಜಾಣೆಯರು. ಕೌದಿಯನ್ನು ಅಂಚಿನಿಂದಲೇ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಮಡಚಿದ ಪುಟ್ಟ ತುಂಡುಗಳ 'ಫುಲ' ಬೇರೆ. ಅಳತೆ ಹೆಚ್ಚುಕಮ್ಮಿಯಾದರೆ ನಡುವಿನ ತುಂಡು ಚಿಕ್ಕದಾಗುತ್ತದೆ, ಯಾರೂ ಅಳುವುದಿಲ್ಲ. ಅಜ್ಜಿಯ ಕೌದಿಯ ಗೆರೆಗಳೂ ಎಲ್ಲೆಲ್ಲೋ ಸೊಟ್ಟ ಹೋಗಿದ್ದವು. ಅದರೊಳಗೆ ಹೊಕ್ಕರೆ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ.

ನನಗೆ ಇನ್ನೂ ಮೂರು ಬದಿ ಬಾಕಿ ಇವೆ. ಊಟ ಮುಗಿಸಿ ಅತ್ತೆ ಮಲಗಿದ ಮೇಲೆ ಸದ್ದಿಲ್ಲದೆ ಹೊಲಿಯೋಣ ಅಂದುಕೊಂಡಿದ್ದೆ. ಇವತ್ತು ಅವರಿಗೆ ಯಾಕೋ ನಿದ್ದೆಯೇ ಬರುತ್ತಿಲ್ಲವಂತೆ.